ಅವ್ವನ ಔಷಧಿ ಮುಗಿಯುವ ಸದ್ದು

ಕೂತಲ್ಲಿ ಹತ್ತು ನಿಮಿಷ ಕೂರುವುದು ನನ್ನಿಂದ ಆಗದ ಕೆಲಸ. ಮುಂದೆ ಆದದ್ದರಲ್ಲಿ ಅರ್ಧ ತಪ್ಪು ಈ ಗುಣದ್ದೇ ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಬೀದರಿನ ಮೈಲೂರಿನಲ್ಲಿ ನನ್ನ ಮನೆ, ಭಾಲ್ಕಿಯಲ್ಲಿ ನಾನು ವಿಜ್ಞಾನ ಕಲಿಸುವ ಶಾಲೆ. ಬೆಳಿಗ್ಗೆ ಬಸ್ಸಿಗೆ ಓಡುವುದು, ಸಂಜೆ ಬಸ್ಸಿಳಿದು ಮನೆಗೆ ಓಡುವುದು, ನಡುವೆ ಒಂದು ತರಗತಿಯಿಂದ ಇನ್ನೊಂದಕ್ಕೆ ಓಡುವುದು. ಚಹಾ ಕೂಡ ನಿಂತೇ ಕುಡಿಯುತ್ತೇನೆ. ನನ್ನ ಕಾಲಲ್ಲಿ ಚಕ್ರ ಇವೆ ಎಂದು ಅವ್ವ ಮೊದಲಿನಿಂದಲೂ ಹೇಳುತ್ತಾ ಬಂದಿದ್ದಾಳೆ, ಹೊಗಳಿಕೆಗಂತೂ ಅಲ್ಲ.

ಅವ್ವ ಇದ್ದದ್ದು ಔರಾದ ಕಡೆಯ ಹಳ್ಳಿಯಲ್ಲಿ, ನನ್ನ ತಮ್ಮನ ಸಂಸಾರದ ಜೊತೆ. ಕುರಿ ಸಾಕುವ ಮನೆ. ಒಲೆಯ ಹೊಗೆ, ಉಣ್ಣೆಯ ಧೂಳು ಎರಡನ್ನೂ ಐವತ್ತು ವರ್ಷ ಎದೆಯೊಳಗೆ ಎಳೆದುಕೊಂಡವಳು. ಹೋದ ವರ್ಷ ಚಳಿ ಶುರುವಾದಾಗ ನಾಲ್ಕು ಹೆಜ್ಜೆ ನಡೆದರೆ ಉಬ್ಬಸ ಬರತೊಡಗಿತು. ಬೀದರಿಗೆ ಕರೆತಂದು ಎದೆಯ ಡಾಕ್ಟರಿಗೆ ತೋರಿಸಿದೆ. ಮನೆಯಲ್ಲೇ ನೆಬ್ಯುಲೈಜರ್ ಇಟ್ಟುಕೊಳ್ಳಿ, ದಿನಕ್ಕೆ ಮೂರು ಸಲ ಔಷಧಿ ಕೊಡಿ ಎಂದರು. ಹೀಗೆ ಅವ್ವ ನನ್ನ ಮನೆಗೆ ಬಂದಳು. ಅಳಿಯನ ಮನೆಯಲ್ಲಿ ತಿಂಗಳುಗಟ್ಟಲೆ ಇರುವುದು ಅವಳಿಗೆ ಸಂಕೋಚದ ಮಾತು. ಆದರೆ ಉಸಿರು ಸಂಕೋಚವನ್ನು ಕೇಳುವುದಿಲ್ಲವಲ್ಲ.

ಯಂತ್ರ ಏನೂ ದೊಡ್ಡದಲ್ಲ, ಚಪ್ಪಲಿ ಡಬ್ಬಿಯಷ್ಟು. ಅದರಿಂದ ಒಂದು ಪೈಪು, ಪೈಪಿನ ತುದಿಗೆ ಸಣ್ಣ ಕಪ್, ಕಪ್ಪಿನ ಮೇಲೆ ಮುಖಕ್ಕೆ ಹಾಕುವ ಮಾಸ್ಕ್. ಬೆರಳುದ್ದದ ಪ್ಲಾಸ್ಟಿಕ್ ಟ್ಯೂಬಿನ ತುದಿ ಮುರಿದು ಔಷಧಿಯನ್ನು ಕಪ್ಪಿಗೆ ಸುರಿದು ಬಟನ್ ಒತ್ತಿದರೆ ಅದು ಮಂಜಾಗಿ ಮಾಸ್ಕಿನೊಳಗೆ ಏರುತ್ತದೆ. ಯಂತ್ರ ಕೊಟ್ಟವನು ಇಷ್ಟನ್ನೆಲ್ಲ ತಾಳ್ಮೆಯಿಂದ ತೋರಿಸಿದ. "ದವಾ ಮುಗಿದ ಮ್ಯಾಲ ಬಂದ್ ಮಾಡ್ರಿ ಮೇಡಮ್," ಎಂದೂ ಹೇಳಿದ. ಮುಗಿದದ್ದು ಹೇಗೆ ಗೊತ್ತಾಗುತ್ತದೆ ಎಂಬುದನ್ನೂ ಹೇಳಿರಬೇಕು. ಆ ಹೊತ್ತಿಗೆ ನಾನು ಗಡಿಯಾರ ನೋಡುತ್ತಿದ್ದೆ.

ಹಾಗಾಗಿ ನನ್ನದೇ ಒಂದು ಲೆಕ್ಕ ಮಾಡಿಕೊಂಡೆ. ಬೆಳಿಗ್ಗೆ ಕುಕ್ಕರ್ ಒಲೆಗೇರಿಸುವಾಗಲೇ ಅವ್ವನ ಕೈಗೆ ಟ್ಯೂಬು ಕೊಟ್ಟು ಅವಳ ಯಂತ್ರವನ್ನೂ ಚಾಲೂ ಮಾಡಿಸುವುದು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರೆ ಯಂತ್ರದ ಗುಂಯ್ ಎನ್ನುವ ಸದ್ದು ಹೊರಗಿನ ಕೋಣೆಯಿಂದ ಕೇಳುತ್ತಿತ್ತು. ಎರಡನೆಯ ಸೀಟಿಯೋ ಮೂರನೆಯದೋ ಕೂಗುವ ಹೊತ್ತಿಗೆ ಸದ್ದು ನಿಲ್ಲುತ್ತಿತ್ತು. "ಆತೇನ್ ಬೇ?" ಎಂದು ಅಲ್ಲಿಂದಲೇ ಕೂಗುತ್ತಿದ್ದೆ. "ಆತವ್ವ," ಎನ್ನುತ್ತಿದ್ದಳು. ಮಧ್ಯಾಹ್ನದ್ದು ಫೋನಿನಲ್ಲಿ. ಸಂಜೆಯದ್ದು ಮತ್ತೆ ಕುಕ್ಕರಿನ ಮೇಲೆ. ಕಪ್ ತೊಳೆಯಲು ನನಗೆ ಕೊಡುತ್ತಿರಲಿಲ್ಲ. ತನ್ನ ಬಾಯಿಯ ಎಂಜಲು, ತಾನೇ ತೊಳೆಯುತ್ತೇನೆ ಎಂಬ ಹಟ. ನನಗೂ ಒಂದು ಕೆಲಸ ಕಡಿಮೆಯಾಯಿತು ಎಂದು ಸುಮ್ಮನಾದೆ.

ಒಂದು ತಿಂಗಳಾದರೂ ಸುಧಾರಣೆ ಇಲ್ಲ. ಬರಬರುತ್ತಾ ಬಚ್ಚಲಮನೆಗೆ ಹೋಗಲೂ ಗೋಡೆ ಹಿಡಿಯತೊಡಗಿದಳು. ಮಾತಿನ ನಡುವೆ ನಿಂತು ಉಸಿರೆಳೆದುಕೊಂಡು ಮತ್ತೆ ಮಾತು ಮುಂದುವರಿಸುವಳು. ಡಾಕ್ಟರ್ ಮೂರು ಸಲದ್ದನ್ನು ನಾಲ್ಕು ಸಲ ಮಾಡಿದರು. ಉಬ್ಬಸ ಅದಕ್ಕೂ ಬಗ್ಗಲಿಲ್ಲ. ಎರಡನೆಯ ತಿಂಗಳ ಕೊನೆಗೆ ಹೋದಾಗ ಅವರು ಅವ್ವನ ಬೆನ್ನಿನ ಮೇಲೆ ಬಹಳ ಹೊತ್ತು ಸ್ಟೆತಸ್ಕೋಪ್ ಇಟ್ಟು ಕೇಳಿದರು.

"ದವಾ ಬರೋಬ್ಬರಿ ತೊಗೊಳ್ಳತಾರಲ್ರಿ?"

"ನಾನೇ ಕೊಡ್ತೇನಿ ಸರ್, ದಿನಾ," ಎಂದೆ. ಬೇಕೆಂದೇ ಸ್ವಲ್ಪ ಬಿರುಸಾಗಿ ಹೇಳಿದೆ. ನನ್ನನ್ನು ಯಾರಾದರೂ ತಪಾಸಣೆ ಮಾಡಿದರೆ ನನಗೆ ಆಗುವುದಿಲ್ಲ.

"ಇನ್ನ ಹದಿನೈದು ದಿನ ನೋಡೂಣ್ರಿ. ಆಮ್ಯಾಲೂ ಹಿಂಗೇ ಇತ್ತಂದ್ರ ಅಡ್ಮಿಟ್ ಮಾಡ್ಬೇಕಾಗ್ತದ. ಮನ್ಯಾಗ ಆಕ್ಸಿಜನ್ನೂ ಬೇಕಾಗಬಹುದು."

ಹೊರಗೆ ಆಟೋದಲ್ಲಿ ಕೂತ ಮೇಲೆ ಅವ್ವ ಒಂದೇ ಮಾತು ಹೇಳಿದಳು. "ದವಾಖಾನಿಗಿ ಹಾಕಿದಿ ಅಂದ್ರ ನಾ ತಿರುಗಿ ಬರೂದಿಲ್ಲ ನೋಡು." ಅವಳು ಹೆದರಿಸಲು ಹೇಳಿದ್ದಲ್ಲ. ನಾಳೆ ಮಳೆ ಬರುತ್ತದೆ ಎನ್ನುವವರ ಧಾಟಿಯಲ್ಲಿ ಹೇಳಿದಳು. ಅದರಿಂದಲೇ ನನಗೆ ಹೆದರಿಕೆಯಾಯಿತು.

ಆ ಹದಿನೈದು ದಿನಗಳನ್ನು ನಾನು ಹೇಗೆ ಕಳೆಯತೊಡಗಿದೆ ಎಂಬುದನ್ನು ನೆನೆದರೆ ಈಗ ನಗು ಬರುತ್ತದೆ, ಆಗ ಬರಲಿಲ್ಲ. ಔಷಧಿ ಅಂಗಡಿಯವನ ಮೇಲೆ ಅನುಮಾನ ಬಂದು ಟ್ಯೂಬಿನ ಮೇಲಿನ ತಾರೀಖುಗಳನ್ನು ಅವನೆದುರಿಗೇ ಓದಿಸಿದೆ. ಪೈಪು ಬದಲಿಸಿದೆ. ಮಾಸ್ಕ್ ಬದಲಿಸಿದೆ. ಪಿರಿಯಡ್ಡುಗಳ ನಡುವೆ ಶಾಲೆಯ ಹಿಂದಿನ ಗೋಡೆಗೆ ಹೋಗಿ ಮನೆಗೆ ಫೋನು ಮಾಡಿ, ಅವ್ವ ಎತ್ತಲು ತಡವಾದರೆ ಪಕ್ಕದ ಮನೆಯವರಿಗೆ ಮಾಡಿದೆ. ನನ್ನ ಗಂಡ ಬೀದರಿನ ಪಕ್ಕದ ಕೊಳಾರದ ಒಂದು ಕಾರ್ಖಾನೆಯಲ್ಲಿ ಗಾಳಿಯ ಕಂಪ್ರೆಸರುಗಳನ್ನು ನೋಡಿಕೊಳ್ಳುವವರು. ಯಂತ್ರವೇ ಕೆಟ್ಟಿರಬೇಕೆಂದು ಅವರ ಮುಂದೆ ಇಟ್ಟೆ. ಪೈಪಿನ ತುದಿಗೆ ಅಂಗೈ ಹಿಡಿದು ನೋಡಿದರು.

"ಗಾಳಿ ಜೋರ್ ಅದ. ಮಷೀನಿಗಿ ಏನೂ ಆಗಿಲ್ಲ," ಎಂದರು. ಆಮೇಲೆ ನನ್ನ ಮುಖ ನೋಡಿ, "ನಿನಗೇ ಏನೋ ಆಗ್ಯದ," ಎಂದರು.

ಇಷ್ಟೆಲ್ಲ ಮಾಡಿದವಳು ಒಂದು ಕೆಲಸ ಮಾತ್ರ ಮಾಡಲಿಲ್ಲ. ಅವ್ವನ ಎದುರಿಗೆ ಕುರ್ಚಿ ಹಾಕಿಕೊಂಡು, ಔಷಧಿ ಸುರಿದಲ್ಲಿಂದ ಮುಗಿಯುವ ತನಕ ಕೂರಲಿಲ್ಲ.

ಅದೇ ಹದಿನೈದು ದಿನದೊಳಗೆ ಊರಿನಲ್ಲಿ ತಮ್ಮನ ಮೊಮ್ಮಗಳ ತೊಟ್ಟಿಲ ಕಾರ್ಯ ಬಂತು. ಹೋಗುವುದು ಬೇಡವೆಂದೆ. ಅವ್ವ ಊಟ ಬಿಟ್ಟಳು. ಭಾನುವಾರ ಬೆಳಿಗ್ಗೆ ಯಂತ್ರವನ್ನು ಸೀರೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಔರಾದಿನ ಬಸ್ಸು ಹತ್ತಿದೆವು. ಊರಲ್ಲಿ ಎರಡು ದಿನದ ಹಿಂದಷ್ಟೇ ಕುರಿಗಳ ಉಣ್ಣೆ ಕತ್ತರಿಸಿದ್ದರು. ಹಟ್ಟಿಯ ಮುಂದೆ, ಪಡಸಾಲೆಯಲ್ಲಿ, ತೊಟ್ಟಿಲ ಮೇಲೆ ಕೂಡ ಅದರ ಎಳೆಗಳು ಹಾರಾಡುತ್ತಿದ್ದವು. ಹೆಸರಿಡುವ ಮೊದಲೇ ಅವ್ವನ ಎದೆ ಗುರುಗುರು ಎನ್ನತೊಡಗಿತು. ಯಂತ್ರ ತೆಗೆದೆ. ಕರೆಂಟು ಇರಲಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಬರುತ್ತದೆ ಎಂದರು. ಅವ್ವನ ತುಟಿ ನೀಲಿಯಾಗುವುದನ್ನು ಕಂಡು ತಮ್ಮ ಪಕ್ಕದ ಮನೆಯವರ ಜೀಪು ತಂದ. ಔರಾದಿನ ಸರಕಾರಿ ದವಾಖಾನೆಗೆ ಒಯ್ದೆವು.

ಅಲ್ಲಿದ್ದವರು ವಯಸ್ಸಾದ ಒಬ್ಬ ನರ್ಸಮ್ಮ. ನಮ್ಮದೇ ಕಪ್ ಮತ್ತು ಮಾಸ್ಕ್ ತೆಗೆದುಕೊಂಡು, ದವಾಖಾನೆಯ ಯಂತ್ರಕ್ಕೆ ಜೋಡಿಸಿ ಔಷಧಿ ಹಾಕಿದರು. ನಾನು ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಿದ್ದೆ.

"ಕೂಡ್ರಿ ಮೇಡಮ್. ನೀವು ಹಿಂಗ ಅಡ್ಡಾಡಿದ್ರ ಆಯಿಗಿ ದಮ್ ಇನ್ನಾ ಹೆಚ್ಚಾಗ್ತದ."

ಸ್ಟೂಲು ತೋರಿಸಿದರು. ಕೂತೆ. ಎರಡು ತಿಂಗಳಲ್ಲಿ ಮೊದಲ ಸಲ ನಾನು ಆ ಮಂಜನ್ನು ಸುಮ್ಮನೆ ನೋಡುತ್ತಾ ಕೂತದ್ದು ಆಗ. ನಾಲ್ಕೈದು ನಿಮಿಷ ಕಳೆದಿರಬೇಕು, ಅವ್ವ ಕಪ್ಪಿನ ಕಡೆ ಕಣ್ಣು ಇಳಿಸಿ ನೋಡಿದಳು. ಕೈ ಎತ್ತಿ ಮಾಸ್ಕ್ ತೆಗೆದು, "ಸಾಕ್ ಬಿಡ್ರಿ, ಆತು," ಎಂದಳು.

"ಎಲ್ಲಿ ಆತು ಆಯಿ, ಇನ್ನಾ ಅರ್ಧ ಅದ," ಎನ್ನುತ್ತಾ ನರ್ಸಮ್ಮ ಮಾಸ್ಕನ್ನು ಮತ್ತೆ ಹಾಕಿ, ಅವಳ ಕೈಯನ್ನು ತಮ್ಮ ಕೈಯಲ್ಲೇ ಹಿಡಿದುಕೊಂಡು ನಿಂತರು.

ಇನ್ನಷ್ಟು ಹೊತ್ತಾದ ಮೇಲೆ ಸದ್ದು ಬದಲಾಯಿತು. ಒಂದೇ ಸಮನೆ ಹೊರಡುತ್ತಿದ್ದದ್ದು ಪುರ್ ಪುರ್ ಎಂದು ಸಿಡಿಯತೊಡಗಿತು. ಮಂಜು ಬಿಟ್ಟು ಬಿಟ್ಟು ಬರತೊಡಗಿತು. ನಾನು ಸ್ಟೂಲಿನಿಂದ ಎದ್ದೇಬಿಟ್ಟೆ.

"ಮಷೀನ್ ಕೆಟ್ಟಿತೇನ್ರಿ?"

ಅವರು ನನ್ನತ್ತ ತಿರುಗಿ ನೋಡಿದರು. "ಮನ್ಯಾಗ ಮಷೀನ್ ತಂದು ಎಷ್ಟ್ ದಿನ ಆತ್ರಿ?"

"ಎರಡು ತಿಂಗಳಾತ್ರಿ."

"ಎರಡು ತಿಂಗಳದಾಗ ಈ ಸಪ್ಪಳ ಕೇಳೇ ಇಲ್ಲೇನ್ರಿ? ದವಾ ಮುಗಿಲಿಕ್ಕ ಬಂತಂದ್ರ ಹಿಂಗ ಮಾಡ್ತದ. ಈಗ ನೋಡ್ರಿ." ಕಪ್ಪಿನ ಪಕ್ಕಕ್ಕೆ ಬೆರಳಿನಿಂದ ಟಕ್ ಟಕ್ ಎಂದು ಬಡಿದರು. ಅದರ ಒಳಮೈಗೆ ಅಂಟಿದ್ದ ಹನಿಗಳು ಕೆಳಗೆ ಜಾರಿದವು, ಮಂಜು ಮತ್ತೆ ಎದ್ದಿತು. ಮತ್ತೆ ಸಿಡಿತ, ಮತ್ತೆ ಬಡಿದರು. "ಬಡದ್ರೂ ಹೊಗಿ ಏಳಲಿಲ್ಲ ಅಂದ್ರ ಮುಗೀತಂತ ತಿಳ್ಕೊಬೇಕು. ಅಷ್ಟೇರಿ, ಇದ್ರಾಗೇನ್ ದೊಡ್ಡ ವಿದ್ಯಾ ಇಲ್ಲ."

ನಮ್ಮ ಮನೆಯಲ್ಲಿ ಆ ಸದ್ದು ಒಂದು ದಿನವೂ ಆಗಿರಲಿಲ್ಲ. ಬೆಳಿಗ್ಗೆ ಆಗಿರಲಿಲ್ಲ, ಸಂಜೆ ಆಗಿರಲಿಲ್ಲ. ಗುಂಯ್ ಎನ್ನುತ್ತಿದ್ದದ್ದು ಗುಂಯ್ ಎನ್ನುತ್ತಲೇ ನಿಲ್ಲುತ್ತಿತ್ತು. ಅವ್ವನ ಮುಖ ನೋಡಿದೆ. ಅವಳು ಗೋಡೆಯ ಮೇಲಿನ ಲಸಿಕೆಯ ಚಿತ್ರವನ್ನು ನೋಡುತ್ತಿದ್ದಳು.

ಅರ್ಧ ಗಂಟೆಯಲ್ಲಿ ಅವಳ ಉಸಿರು ತಿಳಿಯಾಯಿತು. ಎರಡು ತಿಂಗಳಿಂದ ನಾನು ಕೇಳದಿದ್ದಷ್ಟು ಉದ್ದದ ಮಾತನ್ನು ಒಂದೇ ಉಸಿರಿಗೆ ಆಡಿದಳು. ನೀರು ಕೇಳಿದಳು. ನನಗೆ ಆಗಬೇಕಾದದ್ದು ಸಂತೋಷ, ಆದದ್ದು ಸಿಟ್ಟು. ತಮ್ಮ ಜೀಪು ತರಲು ಹೋದಾಗ ದವಾಖಾನೆಯ ಅಂಗಳದ ಬೇವಿನ ಕಟ್ಟೆಯ ಮೇಲೆ ಅವಳನ್ನು ಕೂರಿಸಿ ಕೇಳಿದೆ.

"ದಿನಾ ಎಷ್ಟ್ ಬಿಡ್ತಿದ್ದಿ ಬೇ?"

"ಥೋಡೆ."

"ಥೋಡೆ ಅಂದ್ರ?"

ಅವಳು ತೋರುಬೆರಳಿನ ನಡುಗೆಣ್ಣಿಗೆ ಹೆಬ್ಬೆರಳು ಇಟ್ಟು ತೋರಿಸಿದಳು. ಅರ್ಧ. ಹೆಚ್ಚೂಕಡಿಮೆ ಅರ್ಧವೇ.

ನಮ್ಮ ಮನೆಯ ಪದ್ಧತಿ ನನಗೆ ಗೊತ್ತಿಲ್ಲದ್ದೇನಲ್ಲ. ಜೋಳ ತುಂಬಿಡುವ ಗುಮ್ಮಿಯನ್ನು ತಳ ಕಾಣುವ ಹಾಗೆ ಗುಡಿಸುವಂತಿಲ್ಲ. ಹಿಟ್ಟಿನ ಡಬ್ಬಿಯಲ್ಲಿ ಒಂದು ಹಿಡಿ ಉಳಿಯಬೇಕು, ಕೊಡದಲ್ಲಿ ಒಂದು ಚರಿಗೆ ನೀರು ಉಳಿಯಬೇಕು. ಕುರಿಯ ಹಾಲು ಹಿಂಡುವಾಗಲೂ ಕೊನೆಯ ಹಾಲು ಮರಿಯದು. ಹೊಸದು ಬಂದ ಮೇಲೆಯೇ ಹಳೆಯದನ್ನು ಖರ್ಚು ಮಾಡಬೇಕು, ಪಾತ್ರೆ ಬರಿದಾಗಿ ಒಂದು ಗಳಿಗೆಯೂ ಇರಬಾರದು. ಅವ್ವ ಔಷಧಿಯ ಕಪ್ಪಿಗೂ ಅದನ್ನೇ ನಡೆಸಿದ್ದಳು. ಅರ್ಧ ಉಳಿದಾಗ ಯಂತ್ರ ನಿಲ್ಲಿಸಿ, ಉಳಿದದ್ದನ್ನು ಕಪ್ಪಿನಲ್ಲೇ ಮುಚ್ಚಿಟ್ಟು, ಮುಂದಿನ ಹೊತ್ತಿಗೆ ಹೊಸ ಟ್ಯೂಬು ಕೈಯಲ್ಲಿ ಹಿಡಿದ ಮೇಲೆ ಹಳೆಯದನ್ನು ಅಂಗಳದ ದಾಸವಾಳದ ಬುಡಕ್ಕೆ ಸುರಿದು, ಕಪ್ ತೊಳೆಯುತ್ತಿದ್ದಳಂತೆ. ಎರಡು ತಿಂಗಳಿಂದ ನಮ್ಮ ದಾಸವಾಳದ ಗಿಡ ಮಾತ್ರ ಸರಾಗವಾಗಿ ಉಸಿರಾಡಿಕೊಂಡಿತ್ತು.

ನಾನು ಕೂಗಾಡಿದೆ. ಮರೆಮಾಚುವುದೇನಿದೆ, ಕಟ್ಟೆಯ ಆಚೆ ಕೂತಿದ್ದವರು ಬುತ್ತಿ ಉಣ್ಣುವುದು ನಿಲ್ಲಿಸಿ ನೋಡುವ ಹಾಗೆ ಕೂಗಾಡಿದೆ. ಡಬ್ಬಿ ಬೇರೆ ದವಾ ಬೇರೆ ಅಂತ ಗೊತ್ತಾಗೂದಿಲ್ಲೇನು, ನಾ ಅಲ್ಲಿ ಸಾಲ್ಯಾಗ ಜೀವ ಕೈಯಾಗ ಹಿಡಕೊಂಡು ನಿಂತಿರ್ತೇನಿ, ನೀ ಇಲ್ಲಿ ಗಿಡಕ್ಕ ಸುರೀತಿ. ಇನ್ನೂ ಏನೇನೋ ಅಂದೆ. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿಸಿಕೊಂಡಳು. ನನ್ನ ಮಾತು ಮುಗಿದ ಮೇಲೆ ಹೇಳಿದಳು.

"ಒಂದ್ಸಲ ಬರಿದು ಮಾಡಿ ನೋಡೀನವ್ವ."

ಏನನ್ನು ಎಂದು ಕೇಳಿದೆ.

"ನಿಮ್ಮಪ್ಪನ ಬಾಟ್ಲಿ. ಎದಿ ದವಾದ ಬಾಟ್ಲಿ. ಅವತ್ತ ಮುಂಜಾನಿ ತಳದಾಗ ಸ್ವಲ್ಪ ಇತ್ತು. ಹೊಸಾದು ಬರೂತನಕ ಇರಲಿ ಅಂತ ಬಿಟ್ಟಿದ್ದೆ. ಮಧ್ಯಾನ ಭಾಳ ಕೆಮ್ಮಿದ. ನೋಡ್ಲಾಕ ಆಗಲಿಲ್ಲ. ಇದ್ದದ್ದು ಚಮಚಕ್ಕ ಹಾಕಿದೆ. ಸಾಲಲಿಲ್ಲ. ಬಾಟ್ಲ್ಯಾಗ ನೀರ್ ಹಾಕಿ ಅಲುಗಾಡಿಸಿ ಅದನ್ನೂ ಕುಡಿಸಿದೆ. ಹೊತ್ತು ಮುಳುಗೂದ್ರಾಗ ಹೋದ."

ಒಂಬತ್ತು ವರ್ಷದಿಂದ ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. ಹೊಸ ಬಾಟ್ಲಿ ತರಬೇಕಾಗಿದ್ದವರು ಯಾರು ಎಂಬುದನ್ನು ಈಗಲೂ ಹೇಳಲಿಲ್ಲ. ತರಬೇಕಾಗಿದ್ದವಳು ನಾನು. ಬೀದರಿನಲ್ಲಿ ಕೊಂಡು ಇಟ್ಟುಕೊಂಡಿದ್ದೆ. ಶಾಲೆಯಲ್ಲಿ ಪರೀಕ್ಷೆಯ ಕೆಲಸ ಇತ್ತು, ನಾಳೆ ಒಯ್ದರಾಯಿತು ಎಂದು ಒಂದು ದಿನ ತಡ ಮಾಡಿದ್ದೆ. ಊರು ಮುಟ್ಟಿದಾಗ ಮನೆಯ ಮುಂದೆ ಜನ ಸೇರಿದ್ದರು. ಬಾಟ್ಲಿ ನನ್ನ ಚೀಲದಲ್ಲೇ ಇತ್ತು. ಆಮೇಲೆ ಅದನ್ನು ಏನು ಮಾಡಿದೆನೋ ನನಗೆ ನೆನಪಿಲ್ಲ.

ಜೀಪು ಬಂತು.

ಮೈಲೂರಿಗೆ ಬಂದ ಮೇಲೆ ನಾನು ಅವಳ ಎದುರಿಗೆ ಕುರ್ಚಿ ಹಾಕಿಕೊಂಡು ಕೂರತೊಡಗಿದೆ. ಪ್ರಯೋಜನವಾಗಲಿಲ್ಲ. ಮಂಜು ಇನ್ನೂ ದಟ್ಟವಾಗಿರುವಾಗಲೇ ಅವಳ ಕೈ ಮಾಸ್ಕಿಗೆ ಹೋಗುತ್ತಿತ್ತು. ನಾನು ಕೈ ಹಿಡಿದರೆ ಮುಖ ತಿರುಗಿಸುತ್ತಿದ್ದಳು. ಬೈದು ನೋಡಿದೆ, ಅತ್ತು ನೋಡಿದೆ. "ನಾ ಬರಿದು ಮಾಡಾಕಿ ಅಲ್ಲ," ಎಂದಳು. ಡಾಕ್ಟರು ಕೊಟ್ಟ ದಿನಗಳಲ್ಲಿ ಒಂಬತ್ತು ಉಳಿದಿದ್ದವು. ಎರಡು ದಿನ ಶಾಲೆಗೆ ರಜೆ ಹಾಕಿ ಮನೆಯೊಳಗೇ ಸುತ್ತಾಡಿದೆ.

ಎರಡನೆಯ ದಿನ ಮಧ್ಯಾಹ್ನ, ಏನೂ ತೋಚದೆ, ಆ ಸದ್ದನ್ನಾದರೂ ಇನ್ನೊಮ್ಮೆ ಕೇಳೋಣ ಎಂದು ಅಡುಗೆಕಟ್ಟೆಯ ಮೇಲೆ ಯಂತ್ರ ಇಟ್ಟು ಕಪ್ಪಿಗೆ ಬರೀ ಸಲೈನ್ ನೀರು ಹಾಕಿ ಚಾಲೂ ಮಾಡಿದೆ. ಸಿಡಿಯತೊಡಗಿತು. ಬಡಿದೆ. ಮಂಜು ಬಂತು, ನಿಂತಿತು. ಮತ್ತೆ ಬಡಿದೆ. ಏಳಲಿಲ್ಲ. ಮುಚ್ಚಳ ತಿರುವಿ ನೋಡಿದರೆ ತಳದಲ್ಲಿ ಇನ್ನೂ ನೀರಿತ್ತು. ನಾನೇ ಎಲ್ಲೋ ತಪ್ಪಿದೆ ಎಂದುಕೊಂಡು ಮುಚ್ಚಿ ಐದು ನಿಮಿಷ ಓಡಿಸಿದೆ. ಹಾಗೆಯೇ ಇತ್ತು. ಹೊಸದಾಗಿ ಸಲೈನ್ ಹಾಕಿ ಮೊದಲಿಂದ ಮಾಡಿದೆ. ಸೂಜಿಯಿಲ್ಲದ ಸಿರಿಂಜಿನಿಂದ ತಳದ್ದನ್ನು ಎಳೆದು ಅಳೆದೆ, ಬರೆದುಕೊಂಡೆ. ಐದು ಸಲ ಮಾಡಿದೆ. ಐದು ಸಲವೂ ಹೆಚ್ಚೂಕಡಿಮೆ ಅಷ್ಟೇ ಉಳಿಯಿತು. ಪೈಪಿನ ಗಾಳಿಗೆ ಅದು ಸಿಗುವುದೇ ಇಲ್ಲ. ಆ ಕಪ್ ಇರುವುದೇ ಹಾಗೆ.

ತಲೆ ಎತ್ತಿದರೆ ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡುತ್ತಿದ್ದಳು.

"ಏನ್ ಮಾಡ್ಲತಿ?"

"ಇದನ್ನ ಬರಿದು ಮಾಡ್ಲಾಕ ನೋಡ್ಲತೀನಿ. ಆಗಂಗಿಲ್ಲ ಬೇ. ನೀನೇ ನೋಡು."

ಅವಳೆದುರಿಗೆ ಆರನೆಯ ಸಲ ಮಾಡಿದೆ. ಈ ಸಲ ಬಡಿದವಳು ಅವಳು. ಮೊದಲು ಮೆಲ್ಲಗೆ, ಆಮೇಲೆ ನನಗಿಂತ ಜೋರಾಗಿ. ಮಂಜು ನಿಂತ ಮೇಲೆ ಕಪ್ಪನ್ನು ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು, ಓರೆ ಮಾಡಿ ನೋಡಿದಳು. ಸಂಜೆಯ ಔಷಧಿಗೆ ಅವಳ ಕೈ ಮಾಸ್ಕಿಗೆ ಹೋಗಲಿಲ್ಲ. ಪುರ್ ಪುರ್ ಎಂದಾಗ ಕಣ್ಣು ಮುಚ್ಚಿಕೊಂಡಳು, ಅಷ್ಟೆ. ಮುಗಿದ ಮೇಲೆ ಕಪ್ ಬಿಚ್ಚಿ ತಳ ನೋಡಿಯೇ ಕೆಳಗಿಟ್ಟಳು. ಮರುದಿನವೂ ಹಾಗೆಯೇ ಮಾಡಿದಳು.

ಹದಿನೈದನೆಯ ದಿನ ಡಾಕ್ಟರು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ನಾಲ್ಕು ಸಲದ್ದನ್ನು ಮತ್ತೆ ಮೂರಕ್ಕೆ ಇಳಿಸಿದರು. ಅಡ್ಮಿಟ್ ಮಾಡುವ ಮಾತು ಎತ್ತಲಿಲ್ಲ. ಏನು ಮಾಡಿದಿರಿ ಎಂದು ಕೇಳಿದರು. ಮೊದಲು ಔಷಧಿ ಅರ್ಧವೇ ಹೋಗುತ್ತಿತ್ತು ಸರ್, ನಾನು ನೋಡಿರಲಿಲ್ಲ ಎಂದೆ. ಅಷ್ಟು ಹೇಳಲು ನನಗೆ ಬಹಳ ಕಷ್ಟವಾಯಿತು.

ಅದಾಗಿ ಒಂದು ವಾರಕ್ಕೆ, ಸಂಜೆಯ ಔಷಧಿ ಮುಗಿಸಿ ಅವ್ವ ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ತೊಳೆಯಲು ಏಳಲಿಲ್ಲ.

"ಇದ್ರಾಗ ಉಳಿದಂಗ ಬಾಟ್ಲ್ಯಾಗೂ ಉಳೀತಿರ್ಬೇಕಲ್ಲ?" ಎಂದಳು.

ಯಾವ ಬಾಟ್ಲಿ ಎಂದು ನಾನು ಕೇಳಬೇಕಾಗಿರಲಿಲ್ಲ. ಅದಕ್ಕೆ ನೀರು ಹಾಕಿ ಅಲುಗಾಡಿಸಿದ್ದೆ ಎಂದು ಅವಳೇ ಹೇಳಿದ್ದಳು. ಸುಳ್ಳು ಹೇಳಿದರೆ ಅವಳಿಗೆ ಕೂಡಲೇ ಗೊತ್ತಾಗುತ್ತದೆ. ನನ್ನ ಮುಖ ಓದುವುದು ಅವಳಿಗೆ ಕಷ್ಟವೇನಲ್ಲ. ನಾನು ನಿಧಾನವಾಗಿ ಯೋಚಿಸಿದೆ. ಹತ್ತನೆಯ ತರಗತಿಯ ಮಕ್ಕಳು ಕೇಳಿದ್ದರೆ ಏನು ಹೇಳುತ್ತಿದ್ದೆನೋ ಅದನ್ನೇ ಹೇಳಿದೆ.

"ಗಾಜಿಗಿ ಹತ್ತಿಕೊಂಡು ಉಳೀತದ ಬೇ. ಎಷ್ಟ್ ನೀರ್ ಹಾಕಿ ತೊಳದ್ರೂ ಸ್ವಲ್ಪರೆ ಉಳೀತದ. ಕಣ್ಣಿಗಿ ಕಾಣಂಗಿಲ್ಲ, ಅಷ್ಟೇ."

"ಖರೇನು?"

"ಖರೇನೇ."

ಅವಳು ಕಪ್ಪಿನ ಮುಚ್ಚಳವನ್ನು ಮೆಲ್ಲಗೆ ತಿರುವಿ ಮುಚ್ಚಿದಳು.

"ಹಂಗಾದ್ರ ನಾನೂ ಬರಿದು ಮಾಡಿಲ್ಲ," ಎಂದಳು. "ನೀನೂ ತಡಾ ಮಾಡಿಲ್ಲ."